ಹಳೇ ಜೀಪಿನ ಬ್ರೇಕ್ ಪೆಡಲ್ ಮೆತ್ತಗಾಗಿದ್ರೆ
ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಪೆಡಲ್ ಗಟ್ಟಿಯಾದ್ರೆ ಬ್ರೇಕ್ ಆಯಿಲ್ ಹೋಗೋ ಲೈನಲ್ಲಿ ಗಾಳಿ ಇದೆ, ಇಲ್ಲಾ ಹಿಂದಿನ ಡ್ರಮ್ಮಿನ ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸೋ ಭಾಗ) ಸಡಿಲ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳೀತಾ ಹೋಗಿ, ಹೊರಗೆಲ್ಲೂ ಸೋರಿಕೆ ಕಾಣದಿದ್ರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನ ಚಕ್ರಗಳ ಕಡೆ ತಳ್ಳೋ ಭಾಗ) ಒಳಗಿನ ಸೀಲ್ ಹೋಗಿರುತ್ತೆ.

ಮೊದಲು ಶೂ ಅಡ್ಜಸ್ಟ್ ಮಾಡಿ: ಚಕ್ರ ಹಿಡಿಯೋವರೆಗೆ ಬಿಗಿ ಮಾಡಿ, ಸಲೀಸಾಗಿ ತಿರುಗೋಷ್ಟು ಸಡಿಲಿಸಿ. ಬಹಳ ಜನ ಇದನ್ನೇ ಬಿಟ್ಟು ಸುಮ್ಮನೆ ಆಯಿಲ್ ಸುರೀತಾರೆ.

ಸಾಮಾನ್ಯವಾಗಿ ಬ್ಲೀಡಿಂಗ್ (ಪೆಡಲ್ ಒತ್ತಿ, ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಲೈನಿನ ಗಾಳಿ ಹೊರಗೆ ಬಿಡೋದು) ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ನಿಪ್ಪಲ್‌ಗೆ ಹಾಕಿದ ಪಾರದರ್ಶಕ ಪೈಪಿನ ತುದಿ ಆಯಿಲಲ್ಲಿ ಮುಳುಗಿರಲಿ. ನಿಪ್ಪಲ್ ಬಿಗಿ ಮಾಡಿದ ಮೇಲೇ ಪೆಡಲಿಂದ ಕಾಲು ತೆಗೀಬೇಕು. ಪೆಡಲ್ ಕೆಳಗೆ ಮರದ ತುಂಡು ಇಡಿ. ಪೂರ್ತಿ ತಳಕ್ಕೆ ತುಳಿದ್ರೆ ಸಿಲಿಂಡರಿನ ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ, ಚೆನ್ನಾಗಿದ್ದ ಸೀಲೂ ಹರಿದುಹೋಗಬಹುದು.

ಗುಳ್ಳೆ ನಿಂತರೂ ಮೆತ್ತಗಿದ್ರೆ, ಒಬ್ಬರು ಪೆಡಲ್ ಒತ್ತಲಿ, ರಬ್ಬರ್ ಹೋಸ್ ಉಬ್ಬುತ್ತಾ ನೋಡಿ. ಉಬ್ಬಿದ್ರೆ ಬದಲಾಯಿಸಿ. ಡಾಟ್ 3 ಬ್ರೇಕ್ ಆಯಿಲ್ ಇರೋದಕ್ಕೆ ಡಾಟ್ 5 ಆಯಿಲ್ ಬೆರೆಸಲೇಬೇಡಿ.