ಕಂಪ್ಯೂಟರ್‌ಗೆ ಹಾಕಿದ ಫೋಟೊ ಅರ್ಧ ಬೂದು ಬಣ್ಣ ಬಂತಾ?
ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಫೋಟೊಗಳು ಕಂಪ್ಯೂಟರ್‌ನಲ್ಲಿ ತೆರೆಯುತ್ತಿಲ್ಲ ಅಂತ ಕೆಲವರು ಕೇಳಿದ್ದೀರಿ. ಗಾಬರಿ ಬೇಡ, ಆದರೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ, ಅಂದರೆ ಪೂರ್ತಿ ಅಳಿಸಬೇಡಿ. ಅದರಲ್ಲಿ ಹೊಸ ಫೋಟೊ ಕೂಡ ತೆಗೆಯಬೇಡಿ.

ಮೊದಲು ಕಾರ್ಡನ್ನು ಕ್ಯಾಮೆರಾಗೆ ಹಾಕಿ, ಅದೇ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಸುಮ್ನೆ ಚಿಕ್ಕ ಚಿತ್ರ ನೋಡಿದರೆ ಸಾಲದು, ಫೈಲ್ ಕೆಟ್ಟಿದ್ದರೂ ಅದು ಸರಿಯಾಗಿ ಕಾಣಬಹುದು. ಅಲ್ಲಿ ಚೆನ್ನಾಗಿದ್ದರೆ ತೊಂದರೆ ಬಹುಶಃ ಕಾಪಿ ಆಗುವಾಗ ಆಗಿದೆ. ಜಾಸ್ತಿ ಅನುಮಾನ ಕಾರ್ಡನ್ನು ಕಂಪ್ಯೂಟರ್‌ಗೆ ಜೋಡಿಸುವ ಕಾರ್ಡ್ ರೀಡರ್ ಮೇಲೇ ಬರಬೇಕು. ಬೇರೆ ರೀಡರ್, ಬೇರೆ ಯುಎಸ್‌ಬಿ ಪೋರ್ಟ್‌ನಲ್ಲಿ ಮತ್ತೆ ಕಾಪಿ ಮಾಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ರೀಡರ್ ಸುಲಭವಾಗಿ ಸಿಗುತ್ತದೆ.

ಕ್ಯಾಮೆರಾದಲ್ಲೂ ಕೆಟ್ಟಿದ್ದರೆ ಕಾರ್ಡ್‌ನಿಂದ ಕಳೆದುಹೋದ ಫೋಟೊಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಸಿಕ್ಕ ಫೈಲ್‌ಗಳನ್ನು ಅದೇ ಕಾರ್ಡ್‌ಗೆ ಉಳಿಸಬೇಡಿ, ಕಂಪ್ಯೂಟರ್‌ಗೇ ಹಾಕಿಕೊಳ್ಳಿ.

ಇನ್ನು ಮುಂದೆ ‘ಕಟ್’ ಬೇಡ, ‘ಕಾಪಿ’ ಮಾಡಿ. ಎಲ್ಲ ಫೋಟೊ ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಖಾಲಿ ಮಾಡಿ.