ಜಪಾನ್ ಎಂಜಿನ್ ಅಂತಾರ, ಖರೇನ ಜಪಾನಿಂದ ಬಂದದ್ದೇನು? ರೊಕ್ಕ ಕೊಡೂಕಿಂತ ಮೊದ್ಲ ಹಿಂಗ ನೋಡ್ರಿ

ಗೋಕಾಕದ ನನ್ನ ದೋಸ್ತ ಒಬ್ಬಂವ ತನ್ನ ಜಿಪ್ಸಿಗೆ ಹಾಕಬೇಕಂತ ಒಂದು ಸೆಕೆಂಡ್ ಹ್ಯಾಂಡ್ 1.6 ಲೀಟರ್ ಎಂಜಿನ್ ತಗೊಂಡಿದ್ದ, ಕೊಟ್ಟಂವ "ಜಪಾನ್ ಮಾಲ್ ರೀ, ಕಂಟೇನರ್‌ದಾಗಿಂದ ಸೀದಾ ಇಳಿಸಿದ್ದು" ಅಂತ ಹೇಳಿದ್ನಂತ, ಟೆಂಪೋದಾಗ ಹೇರಕೊಂಡು ಬೆಳಗಾವಿ ಉದ್ಯಮಬಾಗದಾಗ ನಮ್ಮ ಶಾಪಿನ ಮುಂದ ತಂದು ಇಳಿಸಿದ, ನೋಡಿದ್ರ ಎಸಿ ಕಂಪ್ರೆಸರ್ ಮ್ಯಾಲ ಸುಬ್ರೋಸ್ (ನಮ್ಮ ಇಂಡಿಯಾದ ಕಂಪನಿ) ಅಂತ ಐತಿ, ಆಲ್ಟರ್ನೇಟರ್ ಮ್ಯಾಲ ಮೇಡ್ ಇನ್ ಇಂಡಿಯಾ. ಜಪಾನಿಗೆ ಹೋಗಿ ಸುಬ್ರೋಸ್ ಹಾಕಿಸ್ಕೊಂಡು ಬಂದಿತ್ತೋ ಏನೋ ಪಾಪ. ಜಿ16ಬಿ ಅನ್ನೂ ಮಾಡೆಲ್ ಅದು, 1590 ಸಿಸಿ, 1999ರಾಗ ಬಂದ ಹಳೇ ಮಾರುತಿ ಬಲೆನೋದಾಗ ಇದ್ದದ್ದು ಇದ ಎಂಜಿನ್. ಅಂದ್ರ ಎಲ್ಲೋ ಬಡದ ಗಾಡಿದು ಬಿಚ್ಚಿ, ಡೀಸೆಲ್ ಹಾಕಿ ತೊಳದು, ಜಪಾನ್ ರೇಟಿಗೆ ಮಾರಿದ್ರು.

ನಾ ಮೆಕ್ಯಾನಿಕ್ ಅಲ್ಲ, ಫೌಂಡ್ರಿ, ಮಷೀನ್ ಶಾಪಿನ ಮನಷ್ಯಾ. ಅದಕ್ಕ ನಾ ಪೇಪರ್ ಆಮ್ಯಾಲೆ ನೋಡ್ತೀನಿ, ಮೊದ್ಲ ಲೋಹ ನೋಡ್ತೀನಿ.

ಭಾಳ ಮಂದಿ ಎಡವೂದು ಇಲ್ಲೇ: ಬ್ಲಾಕ್ ಮ್ಯಾಲ ಉಬ್ಬಿ ಕಾಣೂ ನಂಬರ್ ಎಂಜಿನ್ ನಂಬರ್ ಅಲ್ಲ. ಅದು ಎರಕದ ನಂಬರ್, ಮೋಲ್ಡಿನಾಗ ಇರೂ ಅಕ್ಷರ, ಅದ ಮೋಲ್ಡಿಂದ ಬಂದ ಎಲ್ಲಾ ಬ್ಲಾಕಿಗೂ ಅದ ನಂಬರ್ ಇರತೈತಿ. ಅದನ್ನ ಫೋಟೋ ಹೊಡದು ಕಳಿಸಿ "ನೋಡ್ರಿ ನಂಬರ್ ಕ್ಲಿಯರ್ ಐತಿ" ಅಂದ್ರ ಏನೂ ಹೇಳಿದಂಗ ಆಗಲಿಲ್ಲ. ಎಂಜಿನ್ ನಂಬರ್ ಮಷೀನ್ ಮಾಡಿದ ಸಪಾಟ ಜಾಗದಾಗ ಒಳಗ ಇಳಿಸಿ ಹೊಡದಿರ್ತಾರ, ಹೆಚ್ಚಾಗಿ ಗೇರ್‌ಬಾಕ್ಸ್ ಕೂಡೂ ಕಡೆ, ಇಲ್ಲಾ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗ. ಹಳೇವ್ರದ ಪಂಚ್, ಈಗಿನೂ ಸಣ್ಣ ಸಣ್ಣ ಚುಕ್ಕಿ ಕೂಡಿಸಿ ಬರದಂಗ ಇಲ್ಲಾ ಲೇಸರ್.

ಆ ಜಾಗ ಸೀಮಿ ಎಣ್ಣಿ ಹಚ್ಚಿ ಹಳೇ ಟೂತ್‌ಬ್ರಷ್‌ಲೇ ತಿಕ್ಕರಿ. ಎಮರಿ ಪೇಪರ್ ಮುಟ್ಟಬ್ಯಾಡ್ರಿ, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಹೊಡಿಲಿಕ್ಕಂತೂ ಹೋಗಬ್ಯಾಡ್ರಿ, ಯಾಕಂದ್ರ ನಮಗ ಬೇಕಾದ ಸಾಕ್ಷಿನ ಅಲ್ಲಿ ಐತಿ. ಒಣಗಿದ ಮ್ಯಾಲ ಸೀಮೆಸುಣ್ಣ ತಿಕ್ಕಿ ಮೊಬೈಲ್ ಟಾರ್ಚ್ ಪಕ್ಕದಿಂದ ಅಡ್ಡ ಹಿಡೀರಿ. ಕಾರ್ಖಾನಿ ಕಟರ್ ಹೋದ ಗೆರಿ ಒಂದ ದಿಕ್ಕಿನಾಗ ಸಮ ಹೋಗಿರತಾವು, ಅಕ್ಷರದ ಅಂಚಿಗೂ ಒಳಗೂ ಒಂದ ನಮೂನಿ ಹಳೇ ಬಣ್ಣ ಇರತೈತಿ. ಕೈ ಗ್ರೈಂಡರ್ ಓಡಿದ್ರ ಗೆರಿ ಕಮಾನಿನಂಗ ಬಾಗಿರತಾವು, ಆ ಜಾಗ ಒಂದೀಟ ತಗ್ಗು, ಬೆರಳಿಗೆ ಹತ್ತತೈತಿ. ಅಲ್ಯೂಮಿನಿಯಂ ಬ್ಲಾಕ್ ಇದ್ರ ವೆಲ್ಡ್ ತುಂಬಿ ಸಪಾಟ ಮಾಡಿ ಹೊಸ ನಂಬರ್ ಹೊಡೀತಾರ, ಆ ತ್ಯಾಪಿ ಬಣ್ಣ ಬ್ಯಾರೇನ ಇರತೈತಿ. ಅಂಕಿ ಒಂದು ಮ್ಯಾಲ ಒಂದು ಕೆಳಗ, ಒಂದು ಆಳ ಒಂದು ತೇಲಿ ಇದ್ರ ಕೈಯಾಗ ಸುತ್ತಿಗಿ ಹಿಡದು ಹೊಡದದ್ದು. ಇಂಥಾ ಎಂಜಿನ್ ಮುಂದ ಚೌಕಾಶಿ ಮಾಡೂದು ಬ್ಯಾಡ, ವಾಪಸ್ ಬರ್ರಿ. ರೇಟ್ ಕಡಿಮಿ ಮಾಡ್ತೀನಿ ಅಂದ್ರೂ.

ನಂಬರ್ ಸರಿ ಐತಿ ಅನ್ರಿ, ಆದ್ರೂ ಅದು ಹೊರಗಿಂದ ಬಂದದ್ದು ಅಂತ ಆಗೂದಿಲ್ಲ. ಫಿಯಟ್‌ನ 1.3 ಮಲ್ಟಿಜೆಟ್ ಡೀಸೆಲ್ ತಗೋರಿ, "ಇಟಲಿ ಎಂಜಿನ್" ಅಂತ ಮಾರ್ತಾರ, ಡಿಸೈನ್ ಇಟಲಿದು ಖರೇ, ಆದ್ರ ಸ್ವಿಫ್ಟಿಂದು ಮಾನೇಸರ್‌ದಾಗ, ಪುಂಟೋ, ವಿಸ್ಟಾದ್ದು ಪುಣೆ ಹತ್ತಿರ ರಂಜನಗಾಂವದಾಗ ಆದದ್ದು. ಅದಕ್ಕ ಸುತ್ತಲ ಸಾಮಾನು ನೋಡ್ರಿ. ಸೆನ್ಸರ್, ಇಂಜೆಕ್ಟರ್, ಸ್ಟಾರ್ಟರ್ ಲೇಬಲ್ ಓದ್ರಿ. ಪ್ಲಾಸ್ಟಿಕ್ ಕವರಿನ ಒಳಗಡೆ ಗಡಿಯಾರದಂಥಾ ಸಣ್ಣ ಚಕ್ರ ಇರತೈತಿ, ಬಾಣ ತೋರಸೂದು ತಿಂಗಳು, ನಡಬರಕ ವರ್ಷ. ಒಂದು ಭಾಗ ಬದಲಿ ಆಗಿರಬಹುದು, ಹತ್ತೂ ಭಾಗ ಇಂಡಿಯಾದ್ದು ಇದ್ರ ಗಾಡಿನೂ ಇಂಡಿಯಾದ್ದು. ಹಾಫ್ ಕಟ್ (ಎಂಜಿನ್ ಸಮೇತ ಕೊಯ್ದ ಗಾಡಿ ಮುಂದಿನ ಅರ್ಧ) ಸಿಕ್ರ ಭಾಳ ಚಲೋ, ಎಂಜಿನ್ ಹಿಂದಿನ ಗ್ವಾಡಿ ಮ್ಯಾಲ, ಅಂದ್ರ ಫೈರ್‌ವಾಲ್ ಮ್ಯಾಲ, ಇರೂ ಚಾಸಿ ನಂಬರ್ ಪ್ಲೇಟ್ ಜೋಡಿನ ಬರತೈತಿ. ಜಪಾನ್ ಒಳಗ ಮಾರಿದ ಗಾಡಿಗೆ ನಮ್ಮಂಗ 17 ಅಕ್ಷರದ ಚಾಸಿ ನಂಬರ್ ಇರೂದಿಲ್ಲ, ಮಾಡೆಲ್ ಕೋಡ್, ಒಂದು ಅಡ್ಡಗೆರಿ, ಆಮ್ಯಾಲೆ 6-7 ಅಂಕಿ ಅಷ್ಟ. 17 ಅಕ್ಷರ ಇದ್ದು ಎಂಎ3 ಅಂತ ಶುರು ಆಗಿದ್ರ ಅದು ಮಾರುತಿ, ಎಂಬಿಜೆ ಇದ್ರ ಬಿಡದಿಯ ಟೊಯೋಟಾ.

ಈಗ ಪೇಪರ್. ಜಿಎಸ್‌ಟಿ ಬಿಲ್ ಒಂದ ಸಾಲೂದಿಲ್ಲ, ಅದು ಇಲ್ಲಿ ಮಾರಿದ್ದಕ್ಕ ಸಾಕ್ಷಿ, ಅಲ್ಲಿಂದ ಬಂದದ್ದಕ್ಕ ಅಲ್ಲ. ಬಿಲ್ ಆಫ್ ಎಂಟ್ರಿ, ಅಂದ್ರ ಹೊರಗಿಂದ ಮಾಲ್ ತರಸಿದಾಗ ಕಸ್ಟಮ್ಸ್‌ಗೆ ಕೊಡೂ ಪೇಪರ್, ಕೇಳ್ರಿ. ಪೆಟ್ರೋಲ್ ಎಂಜಿನ್ 8407, ಡೀಸೆಲ್ 8408 ಅಂತ ಕೋಡ್ ಇರಬೇಕು. ಅದರ ನಂಬರ್, ತಾರೀಖು, ಬಂದರಿನ ಕೋಡ್ (ನಾವಾಶೇವಾ ಇದ್ರ ಐಎನ್‌ಎನ್‌ಎಸ್‌ಎ1) ಹಾಕಿ ಕಸ್ಟಮ್ಸ್‌ನವರ ಐಸ್‌ಗೇಟ್ ಸೈಟಿನಾಗ ನೀವ ನೋಡಬಹುದು. ಬಿಲ್ಲಿನಾಗ ಬರೇ "ಯೂಸ್ಡ್ ಎಂಜಿನ್ 60 ನಗ" ಅಂತ ಇದ್ರ ನಿಮ್ಮ ಎಂಜಿನ್ ಆ 60ರಾಗ ಐತಿ ಅಂತ ಹೆಂಗ ಗೊತ್ತು? ಪ್ಯಾಕಿಂಗ್ ಲಿಸ್ಟಿನಾಗ ನಂಬರ್ ಬೇಕು. ಸೆಕೆಂಡ್ ಹ್ಯಾಂಡ್ ಬಿಡಿಭಾಗ ತರಸಾಕ ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ) ಪರವಾನಿಗಿನೂ ಬೇಕಾಗತೈತಿ, ಅದನ್ನ ಕೇಳಿದ ಕೂಡಲೇ ಅರ್ಧ ಮಂದಿ ಫೋನ್ ಎತ್ತೂದ ಬಿಡ್ತಾರ. ಹಂಗ ಬಿಟ್ರ ನಿಮಗ ಉತ್ತರ ಸಿಕ್ಕಂಗ.

ಕಳುವಿನ ಮಾಲು ಹೌದೋ ಅಲ್ಲೋ ಅನ್ನೂದಕ್ಕ ಎನ್‌ಸಿಆರ್‌ಬಿ (ಕೇಂದ್ರದ ಅಪರಾಧ ದಾಖಲೆ ಬ್ಯೂರೋ)ದ ವಾಹನ ಸಮನ್ವಯ ಅನ್ನೂ ಸೈಟಿನಾಗ ಎಂಜಿನ್ ನಂಬರ್ ಹಾಕಿ ನೋಡ್ರಿ, ಐದು ನಿಮಿಷದ ಕೆಲಸ.

ಇನ್ನ ಆರ್‌ಟಿಓ. ಬೆಳಗಾವಿ ಕೆಎ 22 ಇರ್ಲಿ, ಗೋಕಾಕ 49 ಇರ್ಲಿ, ಎಂಜಿನ್ ಬದಲಿಗೆ 1988ರ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಮೊದ್ಲ ಒಪ್ಪಿಗಿ ತಗೋಬೇಕು, ಎಂಜಿನ್ ತಂದ ಮ್ಯಾಲ ಅಲ್ಲ, ತರೂಕಿಂತ ಮೊದ್ಲ ಹೋಗಿ ಕೇಳ್ರಿ. ನಮ್ಮ ದೋಸ್ತ ಉಲ್ಟಾ ಮಾಡಿದ. ಆರ್‌ಸಿಯಾಗ 1298 ಸಿಸಿ, ತಂದದ್ದು 1590, ಅದರಾಗ ಎಂಜಿನ್ನಿನ ಮೂಲಕ್ಕ ಒಂದು ಚೀಟಿನೂ ಇಲ್ಲ. ಕೊಟ್ಟಂವ ಅರ್ಧ ರೊಕ್ಕ ವಾಪಸ್ ಕೊಟ್ಟು ಕೈ ತೊಳಕೊಂಡ, ಎಂಜಿನ್ ಇನ್ನೂ ನಮ್ಮ ಶಾಪಿನ ಮೂಲ್ಯಾಗ ತಾಡಪತ್ರಿ ಹೊದ್ದು ಕುಂತೈತಿ, ಉಬ್ಬಿದ ನಂಬರ್ ಇಳಿಸಿದ ನಂಬರ್ ಹೆಂಗ ಇರತಾವು ನೋಡ್ಬೇಕಂದ್ರ ಬರ್ರಿ, ತೋರಸ್ತೀನಿ.