ಚೈನ್ ಸಾ ಹಲ್ಲಿಗೆ ಮನೆಯಲ್ಲೇ ಸಾಣೆ

ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಸಂಜೆ ಮಳೆ ಒಂದೇ ಬರುವುದಿಲ್ಲ. ಗಾಳಿಯನ್ನೂ ಕರೆದುಕೊಂಡು ಬರುತ್ತದೆ. ಮಾರನೆಯ ಬೆಳಿಗ್ಗೆ ಯಾವುದೋ ಬೀದಿಯಲ್ಲಿ ಗುಲ್‌ಮೊಹರ್ ಕೊಂಬೆಯೋ ಮಳೆಮರದ ಕೊಂಬೆಯೋ ಅಡ್ಡ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿಗೆ ಚೈನ್ ಸಾ, ಅಂದರೆ ಹಲ್ಲಿನ ಸರಪಳಿ ಓಡುವ ಯಂತ್ರಗರಗಸ, ಸದ್ದು ಮಾಡುತ್ತದೆ. ಆಗ ದೂರದಲ್ಲಿ ನಿಂತು ಒಂದೇ ಒಂದು ವಿಷಯ ಗಮನಿಸಿ. ಕೆಳಗೆ ಉದುರುತ್ತಿರುವುದು ಏನು? ಬೆರಳಲ್ಲಿ ಹಿಡಿಯಬಹುದಾದ ಚಕ್ಕೆ ಉದುರುತ್ತಿದ್ದರೆ ಚೈನ್ ಹರಿತವಾಗಿದೆ. ರಾಗಿ ಹಿಟ್ಟಿನಂಥ ಪುಡಿ ಹಾರುತ್ತಿದ್ದರೆ ಚೈನ್ ಮೊಂಡಾಗಿದೆ.

ಮೊಂಡು ಚೈನ್ ನಿಧಾನ, ಅಷ್ಟೇ ಅಲ್ವಾ ಎಂದು ಹಲವರು ಕೇಳುತ್ತಾರೆ. ಅಷ್ಟೇ ಅಲ್ಲ. ಹರಿತ ಚೈನ್ ತಾನೇ ಮರದೊಳಗೆ ಇಳಿಯುತ್ತದೆ. ಮೊಂಡು ಚೈನನ್ನು ನಾವು ಒತ್ತಬೇಕು. ಒತ್ತಿದರೆ ತೋಳು ಸೋಲುತ್ತದೆ, ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ, ಅಂದರೆ ಬಾರ್, ಕಾಯುತ್ತದೆ, ಕೊಂಬೆ ತುಂಡಾದ ಕ್ಷಣದಲ್ಲಿ ಯಂತ್ರ ನಮ್ಮ ಭಾರದ ಸಮೇತ ಮುಂದಕ್ಕೆ ನುಗ್ಗುತ್ತದೆ. ಹೀಗಾಗಿ ಸಾಣೆ ಹಿಡಿಯುವುದು ಮೊದಲು ಸುರಕ್ಷತೆಯ ಕೆಲಸ, ಆಮೇಲೆ ಉಳಿತಾಯದ ಕೆಲಸ ಎಂದು ನಾನು ನಂಬಿದ್ದೇನೆ.

ನಮ್ಮ ಮನೆ ಬನಶಂಕರಿಯಲ್ಲಿದೆ. ಹಿತ್ತಲಿನ ಓಣಿಗೆ ಶೀಟು ಹಾಕಿ, ಒಂದು ಮೇಜು, ವಸ್ತುವನ್ನು ಕಚ್ಚಿ ಹಿಡಿಯುವ ಒಂದು ವೈಸ್ ಇಟ್ಟುಕೊಂಡಿದ್ದೇನೆ. ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಭಾನುವಾರ ಮಧ್ಯಾಹ್ನ ಗ್ರೈಂಡರ್ ಹಾಕುವುದು ಸರಿಯಲ್ಲ. ಕೈ ಅರಕ್ಕೆ, ಅಂದರೆ ಅಂಗಡಿಯವರ ಮಾತಿನ ಫೈಲ್‌ಗೆ, ಸದ್ದೂ ಇಲ್ಲ, ಕರೆಂಟೂ ಬೇಡ. ಕೈ ಕೂತ ಮೇಲೆ ಇಪ್ಪತ್ತು ನಿಮಿಷದ ಕೆಲಸ.

ಹಲ್ಲು ಮರವನ್ನು ಹೇಗೆ ಕೊಯ್ಯುತ್ತದೆ?

ಇದು ಗೊತ್ತಿಲ್ಲದೆ ಫೈಲ್ ಹಿಡಿಯಬೇಡಿ. ಚೈನಿನಲ್ಲಿ ಎಡಗಡೆ ಕೊಯ್ಯುವ ಹಲ್ಲು, ಬಲಗಡೆ ಕೊಯ್ಯುವ ಹಲ್ಲು ಒಂದಾದ ಮೇಲೊಂದು ಬರುತ್ತವೆ. ನನ್ನ 18 ಇಂಚಿನ ಬಾರ್‌ನ ಚೈನಿನಲ್ಲಿ ಕೆಳಗೆ ಬಾರ್ ಅಂಚಿನ ತೋಡಿನಲ್ಲಿ ಓಡುವ ಕೊಂಡಿ 72. ಹಲ್ಲು 36, ಎಡಕ್ಕೆ 18, ಬಲಕ್ಕೆ 18.

ಈ ವಿನ್ಯಾಸದ ಹಿಂದೆ ಒಂದು ಹುಳುವಿದೆ. ಮೊದಲು ಚೈನ್ ಹಲ್ಲುಗಳು ಕೈಗರಗಸದ ಹಲ್ಲಿನ ಹಾಗೆ ಮರವನ್ನು ಗೀರುತ್ತಿದ್ದವು. ಬೇಗ ಮೊಂಡಾಗುತ್ತಿದ್ದವು. 1946ರಲ್ಲಿ ಅಮೆರಿಕದ ಆರೆಗನ್‌ನಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವರು ಕಟ್ಟಿಗೆ ಒಡೆಯುವಾಗ ದುಂಬಿಯ ಮರಿಹುಳುವೊಂದನ್ನು ಕಂಡರು. ಅದು ತನ್ನ ಬಾಗಿದ ದವಡೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಾ, ಮರದ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿನ್ನುತ್ತಾ ಹೋಗುತ್ತಿತ್ತು. ಆ ದವಡೆಯನ್ನೇ ಅವರು ಉಕ್ಕಿನಲ್ಲಿ ಮಾಡಿದರು. 1947ರಲ್ಲಿ ಚೈನ್ ತಯಾರಿಸುವ ಕಂಪನಿ ಶುರು ಮಾಡಿದರು. ಇವತ್ತು ನಮ್ಮ ಕೈಯಲ್ಲಿರುವ ಚೈನಿನ ಮೂಲ ಅದೇ.

ಹಲ್ಲಿನ ಮುಂದೆಯೇ ಮೀನಿನ ಬೆನ್ನಿನ ರೆಕ್ಕೆಯ ಹಾಗೆ ಒಂದು ಭಾಗ ಎದ್ದು ನಿಂತಿರುತ್ತದೆ. ಅದು ಡೆಪ್ತ್ ಗೇಜ್. ಬಡಗಿಯ ಉಜ್ಜುಗೊರಡು ನೋಡಿದ್ದೀರಲ್ವಾ? ಅಲಗು ತಳದಿಂದ ಎಷ್ಟು ಹೊರಗೆ ಚಾಚಿದೆಯೋ ಅಷ್ಟೇ ದಪ್ಪದ ಸಿಪ್ಪೆ ಬರುತ್ತದೆ. ಇಲ್ಲೂ ಹಾಗೆಯೇ. ಹಲ್ಲು ಅಲಗಾದರೆ, ಡೆಪ್ತ್ ಗೇಜ್ ಉಜ್ಜುಗೊರಡಿನ ತಳ. ಎರಡರ ನಡುವಿನ ಎತ್ತರದ ಅಂತರ ಕೂದಲೆಳೆಯ ಲೆಕ್ಕದ್ದು. ಸಾಮಾನ್ಯ ಚೈನಿಗೆ ಸುಮಾರು 0.65 ಮಿ.ಮೀ. ಹಲ್ಲನ್ನು ಎಲ್ಲರೂ ಉಜ್ಜುತ್ತಾರೆ. ಈ ಅಂತರವನ್ನು ನೋಡುವವರು ಕಡಿಮೆ. ಸಾಣೆ ಹಿಡಿದರೂ ಕೊಯ್ಯುತ್ತಿಲ್ಲ ಎಂದು ಬೇಸರ ಮಾಡಿಕೊಳ್ಳುವವರ ತೊಂದರೆ ಬಹಳ ಸಲ ಇಲ್ಲೇ ಇರುತ್ತದೆ.

ಸರಿಯಾದ ಫೈಲ್

ಎಸ್‌.ಪಿ. ರಸ್ತೆಗೆ ಹೋಗಿ ಸುಮ್ನೆ ‘ಚೈನ್ ಸಾ ಫೈಲ್ ಕೊಡಿ’ ಎಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಚೈನಿನ ಪಿಚ್, ಅಂದರೆ ಕೊಂಡಿಗಳ ಅಂತರದ ಅಳತೆ, ಗೊತ್ತಿರಬೇಕು. ಬಾರ್ ಮೇಲೆ ಅಚ್ಚು ಹಾಕಿರುತ್ತದೆ. ಅಳಿಸಿ ಹೋಗಿದ್ದರೆ ಕೊಂಡಿಗಳನ್ನು ಜೋಡಿಸುವ ರಿವೆಟ್‌ಗಳಲ್ಲಿ ಒಂದರ ಪಕ್ಕ ಒಂದಿರುವ ಮೂರನ್ನು ಹಿಡಿದು, ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿನವರೆಗೆ ಅಳೆಯಿರಿ. ಅದರ ಅರ್ಧವೇ ಪಿಚ್. ಮೂರು ರಿವೆಟ್ ಅಳತೆ 16.5 ಮಿ.ಮೀ. ಹತ್ತಿರ ಬಂದರೆ ಅದು 0.325 ಇಂಚಿನ ಚೈನ್. 18.6ರ ಹತ್ತಿರ ಬಂದರೆ 3/8 ಇಂಚಿನದು.

0.325ಕ್ಕೆ 4.8 ಮಿ.ಮೀ. ದುಂಡು ಫೈಲ್ ಬೇಕು. ಸಣ್ಣ ಯಂತ್ರಗಳ ಗಿಡ್ಡ ಹಲ್ಲಿನ 3/8ಕ್ಕೆ 4 ಮಿ.ಮೀ. ಸಾಕು. ದೊಡ್ಡ ಯಂತ್ರಗಳ ಪೂರ್ತಿ ಎತ್ತರದ 3/8ಕ್ಕೆ 5.5 ಮಿ.ಮೀ., ಕೆಲವು ತಯಾರಕರ ಚೈನಿಗೆ 5.2. ಚೈನಿನ ಪೊಟ್ಟಣ ಎಸೆಯದೆ ಇಟ್ಟುಕೊಂಡರೆ ಫೈಲಿನ ಅಳತೆ, ಕೋನ ಎರಡೂ ಅದರ ಮೇಲೇ ಇರುತ್ತವೆ. ಇದರ ಜೊತೆಗೆ ಫೈಲನ್ನು ಸರಿಯಾದ ಕೋನದಲ್ಲಿ ಹಿಡಿಯಲು ನೆರವಾಗುವ ಒಂದು ಫೈಲ್ ಗೈಡ್, ಒಂದು ಚಪ್ಪಟೆ ಫೈಲ್, ಡೆಪ್ತ್ ಗೇಜ್ ಅಳೆಯುವ ಪುಟ್ಟ ತಗಡಿನ ಪಟ್ಟಿ, ಸಣ್ಣ ಅಳತೆಗೆ ವರ್ನಿಯರ್, ಮಾರ್ಕರ್ ಪೆನ್ ತಗೊಳ್ಳಿ. ದಪ್ಪ ಗ್ಲೌಸ್, ಕನ್ನಡಕ ಮರೆಯಬೇಡಿ.

ಈಗ ಕೆಲಸ

ಮೊದಲು ಯಂತ್ರ ಸತ್ತಿರಬೇಕು. ಪೆಟ್ರೋಲ್ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಡಿ. ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಿರಿ. ವೈರಿನದಾದರೆ ಪ್ಲಗ್ ಗೋಡೆಯಿಂದ ಹೊರಗಿರಲಿ.

ಚೈನ್‌ಗೆ ಮೆತ್ತಿದ ಎಣ್ಣೆ, ಅಂಟು, ಪುಡಿಯನ್ನು ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಕೊಳೆ ಇದ್ದರೆ ಫೈಲಿನ ಗೀರುಗಳು ತುಂಬಿಕೊಂಡು ಅದು ಜಾರತೊಡಗುತ್ತದೆ. ಆಮೇಲೆ ಬಾರ್ ಅನ್ನು ವೈಸ್‌ಗೆ ಹಿಡಿಸಿ. ಚೈನ್ ಮಾತ್ರ ಕೈಯಲ್ಲಿ ಎಳೆದರೆ ಓಡುವಂತಿರಲಿ. ಟೆನ್ಷನ್ ಸ್ವಲ್ಪ ಬಿಗಿ ಮಾಡಿ, ಇಲ್ಲವಾದರೆ ಹಲ್ಲು ಫೈಲಿನ ಕೆಳಗೆ ಅಲುಗಾಡುತ್ತದೆ.

ಎಲ್ಲ ಹಲ್ಲುಗಳನ್ನೂ ಒಮ್ಮೆ ನೋಡಿ. ಯಾವುದು ಹೆಚ್ಚು ಪೆಟ್ಟು ತಿಂದಿದೆಯೋ, ಯಾವುದು ಎಲ್ಲಕ್ಕಿಂತ ಗಿಡ್ಡವೋ ಅದಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಅಲ್ಲಿಂದಲೇ ಶುರು. ಅದು ಸರಿಯಾದಾಗ ಎಷ್ಟು ಉದ್ದ ಉಳಿಯುತ್ತದೋ ಉಳಿದವೂ ಅಷ್ಟಕ್ಕೇ ಬರಬೇಕು.

ಹಲ್ಲಿನ ಒಳಗಡೆಯಿಂದ ಹೊರಗಡೆಗೆ ಫೈಲ್ ತಳ್ಳಿ. ಹಿಂದಕ್ಕೆ ತರುವಾಗ ಎತ್ತಿಬಿಡಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಫೈಲಿನ ಗೀರು ಸವೆಯುತ್ತದೆ, ಅಲಗೂ ಹಾಳಾಗುತ್ತದೆ. ಸಾಮಾನ್ಯ ಕೆಲಸದ ಚೈನಿಗೆ ಕೋನ, ಅಂದರೆ ಬಾರ್‌ಗೆ ನೇರ ಅಡ್ಡದಿಂದ ಫೈಲ್ ಓರೆಯಾಗುವಷ್ಟು, 30 ಡಿಗ್ರಿ. ಗೈಡಿನ ಮೇಲಿನ ಗೆರೆ ಬಾರ್‌ಗೆ ಸಮನಾಗಿ ಓಡಿದರೆ ಕೋನ ಸರಿ ಇದೆ ಎಂದರ್ಥ. ಫೈಲಿನ ದಪ್ಪದ ಐದನೇ ಒಂದು ಭಾಗ ಹಲ್ಲಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿರಬೇಕು. ಇದೇ ಎಲ್ಲಕ್ಕಿಂತ ಮುಖ್ಯ. ಫೈಲ್ ಕೆಳಗೆ ಇಳಿದರೆ ಅಲಗು ಕೊಕ್ಕಿನ ಹಾಗೆ ಬಾಗಿ ತೆಳ್ಳಗಾಗುತ್ತದೆ. ಮೊದಲು ಚೆನ್ನಾಗಿ ಕೊಯ್ದ ಹಾಗೆ ಅನ್ನಿಸಿ, ಸ್ವಲ್ಪ ಹೊತ್ತಿಗೆ ಮಡಚಿಕೊಳ್ಳುತ್ತದೆ. ಮೇಲೆ ಹೋದರೆ ಅಲಗು ಹಿಂದಕ್ಕೆ ವಾಲಿ, ಕೊಯ್ಯುವುದೇ ಇಲ್ಲ.

ಎಷ್ಟು ಸಲ ಉಜ್ಜಬೇಕು? ಸುಮ್ನೆ ಸವೆದಿದ್ದರೆ ಮೂರು ನಾಲ್ಕು ಸಲ ಸಾಕು. ಲೆಕ್ಕಕ್ಕಿಂತ ಬೆಳಕನ್ನು ನಂಬಿ. ಮೊಂಡಾದ ಅಂಚಿನಲ್ಲಿ ಬೆಳಕು ಬಿದ್ದರೆ ಸಣ್ಣ ಬಿಳಿ ಗೆರೆ ಹೊಳೆಯುತ್ತದೆ. ಹರಿತವಾದ ಅಂಚು ಹೊಳೆಯುವುದಿಲ್ಲ. ಅಲ್ಲಿ ಬೆಳಕು ನಿಲ್ಲಲು ಜಾಗವೇ ಇರುವುದಿಲ್ಲ. ಆ ಗೆರೆ ಮಾಯವಾಗುವವರೆಗೆ ಉಜ್ಜಿ, ಮುಖ್ಯವಾಗಿ ಹಲ್ಲಿನ ಹೊರ ಮೂಲೆಯಲ್ಲಿ. ಹಲ್ಲಿನ ಹೊರಮೈಗೆ ತೆಳುವಾದ ಕ್ರೋಮ್ ಲೇಪ ಇರುತ್ತದೆ. ಕೊಯ್ಯುವ ಅಂಚನ್ನು ಕಾಯುವುದು ಅದೇ. ಮೂಲೆಯಲ್ಲಿ ಕ್ರೋಮ್ ಎದ್ದು ಹೋಗಿದ್ದರೆ, ಗಟ್ಟಿ ಕ್ರೋಮ್ ಸಿಗುವವರೆಗೂ ಹಿಂದಕ್ಕೆ ಹೋಗಲೇಬೇಕು.

ಒಂದು ಬದಿಯ ಹಲ್ಲುಗಳು ಪೂರ್ತಿ ಮುಗಿದ ಮೇಲೆ ಯಂತ್ರವನ್ನು ತಿರುಗಿಸಿ ಇನ್ನೊಂದು ಬದಿಗೆ ಬನ್ನಿ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ಒತ್ತಡ ಕಡಿಮೆ ಬೀಳುತ್ತದೆ. ಇದರಿಂದ ಒಂದು ಬದಿಯ ಹಲ್ಲು ಉದ್ದವಾಗಿ ಉಳಿಯುತ್ತದೆ. ಆಮೇಲೆ ಕೊಯ್ತ ನೇರ ಹೋಗದೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಹೀಗಾಗಿ ವರ್ನಿಯರ್‌ನಲ್ಲಿ ಎರಡೂ ಬದಿಯ ಮೂರು ನಾಲ್ಕು ಹಲ್ಲು ಅಳೆದು ನೋಡಿ.

ಡೆಪ್ತ್ ಗೇಜ್

ಹಲ್ಲಿನ ಮೇಲ್ಭಾಗ ಹಿಂದಕ್ಕೆ ಹೋದಂತೆ ಇಳಿಜಾರಾಗಿರುತ್ತದೆ. ಉಜ್ಜಿದಷ್ಟೂ ಹಲ್ಲು ಗಿಡ್ಡವಾಗುವ ಜೊತೆಗೆ ಅದರ ಅಂಚು ಕೆಳಗೂ ಇಳಿಯುತ್ತದೆ. ಡೆಪ್ತ್ ಗೇಜ್ ಮಾತ್ರ ಇದ್ದಲ್ಲೇ ಇರುತ್ತದೆ. ಅಂತರ ಕಡಿಮೆಯಾಗುತ್ತಾ ಹೋಗಿ, ಹಲ್ಲು ಎಷ್ಟೇ ಹರಿತವಾದರೂ ಮರವನ್ನು ಮುಟ್ಟುವುದೇ ಕಷ್ಟವಾಗುತ್ತದೆ. ಮೂರು ನಾಲ್ಕು ಸಾಣೆಗೊಮ್ಮೆ ಅಳೆಯುವ ಪಟ್ಟಿಯನ್ನು ಹಲ್ಲುಗಳ ಮೇಲೆ ಕೂರಿಸಿ. ಗೇಜಿನ ತುದಿ ಪಟ್ಟಿಯ ಸೀಳಿನಿಂದ ಮೇಲಕ್ಕೆ ಎದ್ದಿದ್ದರೆ ಚಪ್ಪಟೆ ಫೈಲ್‌ನಿಂದ ಸಮ ಮಾಡಿ. ಆಮೇಲೆ ಮುಂದಿನ ಮೂಲೆಯನ್ನು ಮೊದಲಿದ್ದ ಹಾಗೆ ದುಂಡಗೆ ಮಾಡಿ.

ಇನ್ನೂ ಸ್ವಲ್ಪ ತೆಗೆದರೆ ಜಾಸ್ತಿ ವೇಗವಾಗಿ ಕೊಯ್ಯಬಹುದು ಎಂಬ ಆಸೆ ಬರುತ್ತದೆ. ದಯವಿಟ್ಟು ಬೇಡ. ಅಂತರ ಜಾಸ್ತಿಯಾದರೆ ಹಲ್ಲು ಮರವನ್ನು ಅಗತ್ಯಕ್ಕಿಂತ ಆಳವಾಗಿ ಕಚ್ಚುತ್ತದೆ. ಯಂತ್ರ ಒದರುತ್ತದೆ. ಬಾರಿನ ಮೂಗಿನ ಮೇಲ್ಭಾಗ ಏನಾದರೂ ತಾಗಿದರೆ ಬಾರ್ ನಮ್ಮ ಮುಖದ ಕಡೆಗೆ ಚಿಮ್ಮುವ ಅಪಾಯ ಹೆಚ್ಚುತ್ತದೆ. ಬೇವು, ಒಣಗಿದ ಹೊಂಗೆಯಂಥ ಗಟ್ಟಿ ಮರದಲ್ಲಂತೂ ಇದರಿಂದ ಲಾಭವೇ ಇಲ್ಲ.

ಮೊಳೆ ಮತ್ತು ನೀಲಿ ಬಣ್ಣ

ನಮ್ಮ ನಗರದ ಮರಗಳಿಗೆ ಬೋರ್ಡು, ಸೀರಿಯಲ್ ಲೈಟು, ಕೇಬಲ್ ಎಲ್ಲಕ್ಕೂ ಮೊಳೆ ಹೊಡೆಯುತ್ತಾರೆ. ಮರ ಬೆಳೆಯುತ್ತಾ ಮೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಹೊಂಗೆ ಕೊಂಬೆ ಕೊಯ್ಯುವಾಗ ನನ್ನ ಚೈನ್ ಅಂಥ ಒಂದು ಮೊಳೆಗೆ ಸಿಕ್ಕಿತು. ಕಿಡಿ ಹಾರಿ, ಒಂದು ಬದಿಯ ಏಳೆಂಟು ಹಲ್ಲಿನ ಮೂಲೆ ಹಾರಿಹೋಯಿತು. ಮರಕ್ಕೂ ನೋವು, ಕೊಯ್ಯುವವರಿಗೂ ಅಪಾಯ. ಮೊಳೆ ಹೊಡೆಯುವವರಿಗೆ ಇದನ್ನು ಹೇಗೆ ತಿಳಿಸುವುದೋ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ಈಗ ರಸ್ತೆ ಬದಿಯ ಮರವಾದರೆ ಮೊದಲು ತೊಗಟೆಯಲ್ಲಿ ಕಪ್ಪು ಕಲೆ ಹುಡುಕುತ್ತೇನೆ. ಕಬ್ಬಿಣ ಇರುವ ಕಡೆ ಮರ ಹಲವು ಸಲ ಕಪ್ಪಾಗಿರುತ್ತದೆ.

ಆ ಚೈನನ್ನು ಬೇಗ ಆಗಲಿ ಎಂದು ಒಂದು ಅಂಗಡಿಗೆ ಗ್ರೈಂಡರ್‌ಗೆ ಕೊಟ್ಟೆ. ವಾಪಸ್ ಬಂದಾಗ ಅರ್ಧ ಹಲ್ಲುಗಳ ಅಂಚು ನೀಲಿ. ಅಂದರೆ ಉಕ್ಕು ಅತಿಯಾಗಿ ಕಾದು ಅದರ ಹದ ಹೋಗಿದೆ. ಕೆಲವು ಹಲ್ಲು ಫೈಲೂ ಹಿಡಿಯದಷ್ಟು ಗಾಜಿನಂತಾಗಿದ್ದವು, ಕೆಲವು ಒಂದೇ ಕೊಂಬೆಗೆ ಮೊಂಡಾದವು. ಗ್ರೈಂಡರ್ ತಪ್ಪಲ್ಲ. ಕಲ್ಲನ್ನು ಹಲ್ಲಿಗೆ ಒಂದು ಕ್ಷಣ ತಾಗಿಸಿ ತೆಗೆಯಬೇಕು, ಮತ್ತೆ ತಾಗಿಸಬೇಕು. ಒತ್ತಿ ಹಿಡಿಯಬಾರದು. ಮನೆಯಲ್ಲಿ ಗ್ರೈಂಡರ್ ಇರುವವರು ಮೊಳೆ ಪೆಟ್ಟಿನಂಥ ದೊಡ್ಡ ಹಾನಿಗೆ ಮಾತ್ರ ಅದನ್ನು ಬಳಸಿ, ಕೊನೆಯ ಅಂಚನ್ನು ಕೈ ಫೈಲ್‌ನಲ್ಲೇ ತೆಗೆಯಲಿ ಎಂಬುದು ನನ್ನ ಸಲಹೆ.

ಹಲಗೆ ಸೀಳಲು ಚೈನ್ ಬದಲಿಸುವುದು

ಅಂಗಡಿಯ ಚೈನ್ ಮರವನ್ನು ಅಡ್ಡಕ್ಕೆ ಕೊಯ್ಯಲು ಮಾಡಿದ್ದು. ಅದರಿಂದಲೇ ದಿಮ್ಮಿಯನ್ನು ಉದ್ದಕ್ಕೆ ಸೀಳಿದರೆ ಯಂತ್ರ ತಿಣುಕುತ್ತದೆ, ಹಲಗೆಯ ಮೈ ಉಳುಮೆ ಮಾಡಿದ ಹೊಲದ ಹಾಗೆ ಗೀರು ಗೀರಾಗುತ್ತದೆ. 30 ಡಿಗ್ರಿಯ ಹಲ್ಲು ಪ್ರತಿ ಸಲವೂ ಪಕ್ಕಕ್ಕೆ ಎಳೆಯುವುದೇ ಇದಕ್ಕೆ ಕಾರಣ. ಕೋನವನ್ನು 10 ಡಿಗ್ರಿಗೆ ಇಳಿಸಿದರೆ ಹಲ್ಲು ಬಹುತೇಕ ನೇರವಾಗಿ ಉಳಿಯ ಹಾಗೆ ಕೆರೆಯುತ್ತದೆ. ನಿಧಾನ, ಆದರೆ ಮೈ ನಯ.

ಹೊಸ ಚೈನನ್ನು ಇದಕ್ಕೆ ಬಲಿ ಕೊಡಬೇಡಿ. ಅರ್ಧ ಸವೆದ ಚೈನ್ ಸಾಕು. ಒಮ್ಮೆಲೇ 10ಕ್ಕೆ ತಂದರೆ ಹಲ್ಲು ಬಹಳ ತಿಂದುಹೋಗುತ್ತದೆ. ಮೊದಲ ಸಾಣೆಗೆ 20, ಮುಂದಿನದಕ್ಕೆ 10 ಎಂದು ಎರಡು ಹಂತ ಮಾಡಿ. ಆಮೇಲೆ ಆ ಚೈನಿಗೆ ಬಣ್ಣದ ದಾರ ಕಟ್ಟಿ ಬೇರೆಯೇ ಇಡಿ. ನಾನು ಹೀಗೆ ಮಾಡಿದ ಚೈನಿನಿಂದ ಅಕ್ಕನ ಮನೆಯಲ್ಲಿ ಮುರಿದು ಬಿದ್ದ ಹಲಸಿನ ಕೊಂಬೆಯನ್ನು ಸೀಳಿ ಎರಡು ಮಣೆ ಮಾಡಿದೆ. ಹಳದಿ ಬಣ್ಣದ ಆ ಹಲಗೆಗೆ ಉಜ್ಜುಗೊರಡು ಎರಡೇ ಸಲ ಹಾಯಿಸಬೇಕಾಯಿತು. ಉದ್ದಕ್ಕೆ ಸೀಳುವಾಗ ಎಂಜಿನ್‌ಗೆ ಭಾರ ಜಾಸ್ತಿ. ದಪ್ಪ ದಿಮ್ಮಿಯಾದರೆ 60 ಸಿಸಿಗಿಂತ ಮೇಲಿನ ಯಂತ್ರ ಬೇಕು. ಬಿದ್ದ ಕೊಂಬೆ ಬೇರೆ, ನಿಂತ ಮರ ಬೇರೆ. ನಿಂತ ಮರ ಕಡಿಯುವ ಮುಂಚೆ, ಅದು ನಮ್ಮ ಕಾಂಪೌಂಡಿನದೇ ಆಗಿದ್ದರೂ, 1976ರ ಮರ ಸಂರಕ್ಷಣಾ ಕಾಯ್ದೆಯಡಿ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ. ಮೊದಲು ಅವರನ್ನು ಕೇಳಿ.

ಇನ್ನೆರಡು ಬದಲಾವಣೆಗಳನ್ನು ಕೆಲವರು ಮಾಡುತ್ತಾರೆ. ಒಂದು, ನಡುನಡುವೆ ಹಲ್ಲುಗಳನ್ನು ತೆಗೆದು ವಿರಳ ಮಾಡುವುದು. 24 ಇಂಚಿಗಿಂತ ಉದ್ದದ ಬಾರ್‌ಗೆ ಚಕ್ಕೆ ಹೊರಬರಲು ಅದು ಅನುಕೂಲ. ನಮ್ಮ 16, 18 ಇಂಚಿಗೆ ಬರೀ ಒದರಾಟ. ಇನ್ನೊಂದು, ಡೆಪ್ತ್ ಗೇಜಿನ ಪಕ್ಕದಲ್ಲಿ ಗೂನಿನ ಹಾಗೆ ಇರುವ ಕೊಂಡಿಯನ್ನು ಉಜ್ಜಿ ತೆಗೆಯುವುದು. ಅದು ಬಾರ್ ಚಿಮ್ಮದಂತೆ ಕಾಯುವ ಕೊಂಡಿ. ಅದನ್ನು ಮುಟ್ಟಲೇಬೇಡಿ. ಚೈನ್ ಕಡಿದು ಜೋಡಿಸುವುದಾದರೆ ಹಳೆಯ ರಿವೆಟ್ ಮತ್ತೆ ಹಾಕಬೇಡಿ. ಹೊಸ ಕೊಂಡಿ, ಸರಿಯಾದ ಉಪಕರಣ ಎರಡೂ ಇಲ್ಲದಿದ್ದರೆ ಆ ಕೆಲಸ ಅಂಗಡಿಗೇ ಬಿಡಿ.

ಮತ್ತೆ ಕೂರಿಸುವಾಗ

ಬಾರನ್ನು ಪ್ರತಿ ಸಲ ತಲೆಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಬಾರಿನ ತೋಡಿನಲ್ಲಿ ಕೂತ ಪುಡಿಯನ್ನು ತೆಳು ತಗಡಿನಿಂದ ಕೆರೆದು ತೆಗೆಯಿರಿ. ಟೆನ್ಷನ್ ಈಗ ಮತ್ತೆ ಸಡಿಲಿಸಿ: ಚೈನ್ ಬಾರಿನ ಕೆಳಗೆ ಜೋತು ಬೀಳಬಾರದು, ಕೈಯಲ್ಲಿ ಎಳೆದರೆ ಸಲೀಸಾಗಿ ಓಡಬೇಕು. ಎಣ್ಣೆ ತುಂಬಿ, ಒಂದು ಒಣ ಕೊಂಬೆ ಕೊಯ್ದು ನೋಡಿ. ಚಕ್ಕೆ ಬಂದರೆ ಸರಿ. ಕೊಯ್ತ ಒಂದು ಕಡೆ ವಾಲಿದರೆ ಆ ಕಡೆಯ ಹಲ್ಲು ಉದ್ದವಾಗಿದೆ ಅಥವಾ ಹೆಚ್ಚು ಹರಿತವಾಗಿದೆ. ಇನ್ನೊಂದು ಬದಿಗೆ ಎರಡು ಸಲ ಹೆಚ್ಚಿಗೆ ಉಜ್ಜಿ ಮತ್ತೆ ನೋಡಿ.

ಹಲವು ಚೈನುಗಳಲ್ಲಿ ಹಲ್ಲಿನ ಹಿಂಭಾಗದಲ್ಲಿ ಒಂದು ಓರೆ ಗೆರೆ ಕೊರೆದಿರುತ್ತದೆ. ಹಲ್ಲು ಅಲ್ಲಿಯವರೆಗೆ ಸವೆದರೆ, ಅಥವಾ ಉಳಿದ ಉದ್ದ 4 ಮಿ.ಮೀ.ಗೆ ಬಂದರೆ, ಆ ಚೈನ್ ಬದಲಿಸಿ. ಫೈಲುಗಳನ್ನು ಡಬ್ಬದಲ್ಲಿ ಒಂದರ ಮೇಲೊಂದು ಎಸೆಯದೆ ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡಿ. ನಮ್ಮ ಮಳೆಗಾಲದಲ್ಲಿ ಅವಕ್ಕೆ ತುಕ್ಕು ಬೇಗ ಹಿಡಿಯುತ್ತದೆ.